ಸುಂಕದವನ ಸುಖದುಃಖ

ತೆರಿಗೆ ಇಲಾಖೆಯವನಿಗೆ ಮುಖ ಗಂಟು ಹಾಕಿಕೊಂಡಿರುವುದೇ ಅರ್ಧ ಕೆಲಸ ಎಂದು ನಮ್ಮ ಹಿರಿಯ ಅಧಿಕಾರಿಯೊಬ್ಬರು ಹೇಳುತ್ತಿದ್ದರು. ಉಳಿದರ್ಧ ನಾನು ಹೇಗೋ ಕಲಿತೆ. ಈ ಅರ್ಧ ಮಾತ್ರ ನಿವೃತ್ತಿಯವರೆಗೂ ಹತ್ತಲಿಲ್ಲ. ನಾನು ಮುಖ ಬಿಗಿದುಕೊಂಡು ಹೋದ ಕಡೆಯೇ ನಗು ಬರುವಂಥದ್ದು ಏನಾದರೂ ನಡೆಯುತ್ತಿತ್ತು.

ಕನ್ನಡ ನಾಡು ಒಂದಾದ ಹೊಸತು. ಮಾರಾಟ ತೆರಿಗೆಗೆ ಹೊಸ ಕಾಯಿದೆ ಬಂದಿತ್ತು. ಜನಕ್ಕೆ ಆಣೆಯ ರೂಢಿ ಬಿಟ್ಟಿರಲಿಲ್ಲ, ನಯಾಪೈಸೆಯ ರೂಢಿ ಹತ್ತಿರಲಿಲ್ಲ. ಸರಿಯಾಗಿ ಆ ಹೊತ್ತಿಗೆ ತುಮಕೂರು ಸೀಮೆಯವನಾದ ನನ್ನನ್ನು ಸೇಲ್ಸ್ ಟ್ಯಾಕ್ಸ್ ಇನ್ಸ್‌ಪೆಕ್ಟರ್ ಎಂದು ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಿಗೆ ಕಳಿಸಿದರು. ಅಂಗಡಿ ಅಂಗಡಿ ತಿರುಗುವುದು, ವ್ಯಾಪಾರ ಎಷ್ಟು ನಡೆಯುತ್ತದೆ ನೋಡುವುದು, ತೆರಿಗೆಗೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂದು ಮೇಲಿನವರಿಗೆ ವರದಿ ಬರೆಯುವುದು, ಇದು ನನ್ನ ಕೆಲಸ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಪ್ರಯೋಜನವಿಲ್ಲ ಎಂದು ಗಾದೆ ಇದೆಯಲ್ಲ, ಆ ಎರಡು ಊರುಗಳಲ್ಲಿ ನಡೆದದ್ದು ಅದರ ತಿರುಗಾಮುರುಗಾ. ಸುಂಕದವನೇ ತನ್ನ ಸುಖದುಃಖ ಹೇಳಿಕೊಂಡ, ತೆರಿಗೆ ಕಟ್ಟುವವರು ಕೂತು ಕೇಳಿದರು, ಮೇಲೆ ಮಜ್ಜಿಗೆಯನ್ನೂ ಕೊಟ್ಟರು. ಇಂದಿಗೂ ಆ ಕಡೆಯ ಬಸ್ಸಿನ ಬೋರ್ಡು ಕಂಡರೆ ನನ್ನ ಕೈ ತಾನಾಗಿ ಎದೆಯ ಹತ್ತಿರ ಹೋಗುತ್ತದೆ.

ಅಜ್ಜಿಯ ಹಪ್ಪಳ

ಶಿಕಾರಿಪುರದಲ್ಲಿ ಇಳಿದ ದಿನವೇ ಮನೆ ಹುಡುಕತೊಡಗಿದೆ. ಖಾಲಿ ಮನೆಗಳಿಗೇನೂ ಬರವಿರಲಿಲ್ಲ. ಆದರೆ ಮನೆಯ ಮಾಲೀಕರೆಲ್ಲ ಒಂದಲ್ಲ ಒಂದು ವ್ಯಾಪಾರದವರು. "ಬರ್ರಿ, ಕೂಡ್ರಿ" ಎಂದು ಪ್ರೀತಿಯಿಂದ ಕರೆಯುವರು. "ಯಾವ ಆಫೀಸಿನಾಗ ಕೆಲಸ?" ಎಂದು ಕೇಳುವರು. ನಾನು ಹೇಳಿದ್ದೇ ತಡ, ಆ ಮನೆಗೆ ಮಗಳು ಅಳಿಯ ಬರುವವರಿರುತ್ತಿದ್ದರು, ಇಲ್ಲವೇ ಗೋಡೆ ಬಿರುಕು ಬಿಟ್ಟಿರುತ್ತಿತ್ತು. ಒಬ್ಬರಂತೂ ನನ್ನೆದುರಿಗೇ ಗೋಡೆಯಲ್ಲಿ ಬಿರುಕು ಹುಡುಕಿ, ಸಿಗದೆ, "ಒಳಗೈತ್ರಿ, ಹೊರಗ ಕಾಣಂಗಿಲ್ಲ" ಎಂದರು.

ಕೊನೆಗೆ ಕೆರೆ ಕಡೆಯ ಓಣಿಯಲ್ಲಿ ಒಬ್ಬಂಟಿ ಅಜ್ಜಿಯೊಬ್ಬರು ಮುಂದಿನ ಎರಡು ಅಂಕಣ ಬಿಟ್ಟುಕೊಟ್ಟರು. "ನಾನೇನು ವ್ಯಾಪಾರ ಮಾಡಾಕಿ ಅಲ್ಲ, ಸಾಲ ಕೊಡಾಕಿ ಅಲ್ಲ. ನಿನಗ ಹೆದರಾಕ ನನ್ನ ಹತ್ರ ಏನೈತೋ ತಮ್ಮಾ? ಬಂದಿರು" ಎಂದರು. ನಾನು ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಊರಲ್ಲಿ ಹೆದರದೆ ನನ್ನ ಮುಖ ನೋಡಿದ ಮೊದಲನೆಯವರು ಅವರು.

ಒಂದು ದಿನ ಸೊರಬಕ್ಕೆ ಹೊರಟವನು ಬಸ್ಸು ಕೆಟ್ಟು ಮಧ್ಯಾಹ್ನಕ್ಕೇ ವಾಪಸು ಬಂದೆ. ಹಿತ್ತಿಲಲ್ಲಿ ಸಣ್ಣ ಸಂತೆಯೇ ನೆರೆದಿತ್ತು. ಹೆಂಗಸರು ಸಾಲಾಗಿ ನಿಂತು ಹಪ್ಪಳ, ಸಂಡಿಗೆ, ಶಾವಿಗೆ ಸೆರಗಿಗೆ ಕಟ್ಟಿಸಿಕೊಳ್ಳುತ್ತಿದ್ದರು. ನನ್ನನ್ನು ಕಂಡದ್ದೇ ಬಾಳೆಗಿಡದ ಸಂದಿಯಲ್ಲಿ ಒಬ್ಬೊಬ್ಬರಾಗಿ ಮಾಯವಾದರು. ಅಜ್ಜಿ ಮಾತ್ರ ತಕ್ಕಡಿಯ ಮೇಲೆಯೇ ಕೂತುಬಿಟ್ಟರು, ಅದು ಕಾಣದಿರಲಿ ಎಂದು.

"ಇದು ವ್ಯಾಪಾರ ಅಲ್ಲಪ್ಪ. ಬಡವರ ಮನ್ಯಾಗ ಹಬ್ಬ ಹುಣ್ಣಿಮೆಗೆ ಆಗಲಿ ಅಂತ ಕೊಡ್ತೀನಿ. ರೊಕ್ಕ ಬ್ಯಾಡ ಅಂದ್ರೂ ಇಟ್ಟು ಹೋಗ್ತಾರ" ಎಂದರು. ದನಿ ನಡುಗುತ್ತಿತ್ತು. ಪಾಪ, ಇಷ್ಟು ದಿನ ನಾನು ಟೂರು ಹೋಗುವುದನ್ನೇ ಕಾದು ಕಾದು ವ್ಯಾಪಾರ ಮಾಡಿದ್ದಾರೆ!

ಪಕ್ಕದಲ್ಲಿ ಕೂತು ಸಮಾಧಾನ ಹೇಳಿದೆ. "ಅಜ್ಜಿ, ಹೆದರಬೇಡಿ. ವರ್ಷಕ್ಕೆ ಇಂತಿಷ್ಟು ಅಂತ ದೊಡ್ಡ ವ್ಯಾಪಾರ ಮಾಡುವವರಿಗೆ ಮಾತ್ರ ತೆರಿಗೆ. ನಿಮ್ಮಂಥ ಸಣ್ಣಪುಟ್ಟದ್ದನ್ನೆಲ್ಲ ಸರ್ಕಾರ ಲೆಕ್ಕಕ್ಕೇ ಹಿಡಿಯೋದಿಲ್ಲ."

ಅಜ್ಜಿಯ ನಡುಕ ನಿಂತಿತು. ನಿಧಾನಕ್ಕೆ ತಕ್ಕಡಿಯ ಮೇಲಿಂದ ಎದ್ದರು. ಸೊಂಟಕ್ಕೆ ಕೈಯಿಟ್ಟರು.

"ಏನಂದಿ? ಲೆಕ್ಕಕ್ಕ ಹಿಡಿಯಂಗಿಲ್ಲಾ? ಓಣಿ ತುದಿಗೆ ಆ ಬೆಲ್ಲದಂಗಡಿಯವಗ ತೆರಿಗೆ ಐತಿ, ನನಗಿಲ್ಲಾ? ಅವನ ಬೆಲ್ಲದಾಗ ಅರ್ಧ ಮಣ್ಣು ಇರ್ತೈತಿ! ಈ ತಾಲ್ಲೂಕಿನಾಗ ನನ್ನ ಹಪ್ಪಳ ತಿನ್ನದ ಮನಿ ಯಾವುದೈತಿ ಬರೀ! ಬರಕೋ ನನ್ನ ಹೆಸರು ಮೊದಲು!"

ಎರಡು ದಿನ ನನ್ನ ಊಟಕ್ಕೆ ಅವರ ಮನೆಯಿಂದ ಹಪ್ಪಳ ಬರಲಿಲ್ಲ. ಮೂರನೆಯ ದಿನ ಬಂತು. ತಟ್ಟೆ ಇಡುತ್ತಾ ಹೇಳಿದರು: "ತಿನ್ನು. ಲೆಕ್ಕಕ್ಕಿಲ್ಲದ್ದು."

ಹಸಿ ಮೆಣಸಿನಕಾಯಿ, ಒಣ ಮೆಣಸಿನಕಾಯಿ

ಹೊಸ ಕಾಯಿದೆಯಲ್ಲಿ ಯಾವುದಕ್ಕೆ ತೆರಿಗೆ, ಯಾವುದಕ್ಕೆ ವಿನಾಯಿತಿ ಎಂದು ಉದ್ದನೆಯ ಪಟ್ಟಿಯಿತ್ತು. ಹಸಿ ತರಕಾರಿಗೆ ತೆರಿಗೆಯಿಲ್ಲ. ಆದ್ದರಿಂದ ಹಸಿ ಮೆಣಸಿನಕಾಯಿಗೂ ಇಲ್ಲ. ಅದೇ ಒಣಗಿದರೆ ಸಾಂಬಾರ ಪದಾರ್ಥವಾಗಿಬಿಡುತ್ತದೆ, ತೆರಿಗೆ ಉಂಟು. ಇಷ್ಟನ್ನು ಪೇಟೆಯ ಒಬ್ಬ ಮೆಣಸಿನಕಾಯಿ ವ್ಯಾಪಾರಿಗೆ ತಿಳಿಸಿ ಹೇಳಲು ನಾನು ಹೋದೆ. ಬೆಳಗಿನ ಕಾಫಿಗೆ ಕೂತವನು ಮಧ್ಯಾಹ್ನದ ಊಟಕ್ಕೂ ಅಲ್ಲೇ ಇದ್ದೆ.

"ನಾ ಕೊಂಡಿದ್ದು ಹಸೀದು" ಎಂದರು ಅವರು.

"ಮಾರಿದ್ದು ಒಣಗಿದ್ದು" ಎಂದೆ.

"ನಾ ಒಣಗಿಸಿಲ್ಲ."

"ಮತ್ತೆ ಅದು ಹೇಗೆ ಒಣಗಿತು?"

"ಗಿರಾಕಿ ಬರಲಿಲ್ಲ, ಒಣಗಿತು. ಗಿರಾಕಿ ಬಂದಿದ್ರ ಹಸೀದೇ ಹೋಗ್ತಿತ್ತು. ವ್ಯಾಪಾರ ಆಗದ್ದಕ್ಕೂ ತೆರಿಗಿ ಹಾಕ್ತಾರೇನ್ರೀ?"

ಎದುರಿನ ಕಣದಲ್ಲಿ ಕೆಂಪಗೆ ಹಾಸಿದಂತೆ ಮೆಣಸಿನಕಾಯಿ ಹರಡಿತ್ತು. ಅದನ್ನು ತೋರಿಸಿ, "ಬಿಸಿಲಿಗೆ ಹರಡಿದ್ದೀರಲ್ಲ, ಅದು ಯಾಕೆ ಹಾಗಾದರೆ?" ಎಂದೆ.

ಅವರು ಕೆಳಗೊಮ್ಮೆ, ಮೇಲೊಮ್ಮೆ ನೋಡಿದರು. ಕೈ ಮುಗಿದರು. "ನಾ ಹರಡಿದ್ದಷ್ಟೇ ಖರೆ. ಒಣಗಿಸಿದಾವ ಅಲ್ಲಿ ಮೇಲೆ ಅದಾನ. ದಿನಾ ಮುಂಜಾನೆ ತಪ್ಪದ ಬರ್ತಾನ, ಎಲ್ಲೂ ತಪ್ಪಿಸಿಕೊಂಡು ಹೋಗಂಗಿಲ್ಲ. ನೋಟೀಸು ಅವನಿಗೆ ಕೊಡ್ರಿ."

ತೆರಿಗೆಯನ್ನು ಅವರು ಕಟ್ಟಿದರು, ಅದು ಬೇರೆ ಮಾತು. ಕಟ್ಟುವಾಗಲೂ "ಸೂರ್ಯನ ಪರವಾಗಿ" ಎಂದೇ ಹೇಳಿ ಕಟ್ಟಿದರು.

ಒಂದು ಟಿಕೆಟ್ಟಿಗೆ ಇಬ್ಬರ ನಗು

ಮದುವೆಯಾದ ಹೊಸತಿನಲ್ಲಿ ನನ್ನ ಹೆಂಡತಿ ಶಿಕಾರಿಪುರಕ್ಕೆ ಬಂದಳು. ಮನೆಯ ಅಜ್ಜಿಯೊಬ್ಬರನ್ನು ಬಿಟ್ಟರೆ ಬಂದವಳಿಗೆ ಮಾತಿಗೆ ಜನವಿಲ್ಲ. ನೀರು ತರಲು ಹೋದರೆ "ಸುಂಕದವರ ಮನೆಯವರು" ಎಂದು ಹೆಂಗಸರು ಮಾತು ನಿಲ್ಲಿಸುತ್ತಿದ್ದರಂತೆ. ಅವಳು ನಕ್ಕದ್ದನ್ನು ನಾನು ತಿಂಗಳುಗಟ್ಟಲೆ ನೋಡಲಿಲ್ಲ. ಊರಿಗೆ ಹೋಗಿಬಿಡುತ್ತೇನೆ ಎಂದು ಒಂದೆರಡು ಸಲ ಹೇಳಿದಳು. ಮೂರನೆಯ ಸಲ ಹೇಳಲಿಲ್ಲ, ಪೆಟ್ಟಿಗೆ ತೆಗೆದು ಸೀರೆ ಮಡಿಸತೊಡಗಿದಳು. ನನಗೆ ಭಯವಾಯಿತು.

ಆಗಲೇ ಊರಿಗೆ ನಾಟಕ ಕಂಪನಿಯೊಂದು ಬಂದು ಡೇರೆ ಹಾಕಿತು. ನಾಟಕಕ್ಕೆ ಟಿಕೆಟ್ಟಿನ ಮೇಲೆ ಮನರಂಜನೆ ತೆರಿಗೆ. ಜನ ಅದಕ್ಕೆ "ತಮಾಷೆ ತೆರಿಗೆ" ಎನ್ನುತ್ತಿದ್ದರು. ಅದನ್ನು ನೋಡುವ ಕೆಲಸವೂ ನನ್ನ ಕೊರಳಿಗೆ ಬಿದ್ದಿತ್ತು. ಕೊಟ್ಟ ಟಿಕೆಟ್ಟಿಗೂ ಕೂತ ಜನಕ್ಕೂ ತಾಳೆ ಇದೆಯೇ ಎಂದು ನೋಡಲು ಇಲಾಖೆಯ ಪಾಸಿನಲ್ಲಿ ಹೋಗಬೇಕು. ಹೆಂಡತಿಗೆ ಮಾತ್ರ ಕೈಯಿಂದ ದುಡ್ಡು ಕೊಟ್ಟು ಟಿಕೆಟ್ ಕೊಂಡೆ. ಇಬ್ಬರೂ ಮುಂದಿನ ಸಾಲಿನಲ್ಲಿ ಕೂತೆವು.

ನನ್ನ ಕಣ್ಣು ರಂಗದ ಮೇಲಿರಲಿಲ್ಲ, ಹಿಂದಿನ ಬೆಂಚುಗಳ ಮೇಲಿತ್ತು. ರಾಜ ಬಂದ, ಮಂತ್ರಿ ಬಂದ, ಹಿಂದೆಯೇ ವಿದೂಷಕ ಬಂದ. ಅವನ ಮೊದಲ ಮಾತಿಗೇ ಡೇರೆ ಹಾರಿಹೋಗುವ ಹಾಗೆ ಜನ ನಕ್ಕರು. ನಾನು ಮಾತ್ರ ಕತ್ತು ಹಿಂದಕ್ಕೆ ತಿರುಗಿಸಿ ತಲೆ ಎಣಿಸುತ್ತಾ ಕೂತಿದ್ದೆ. ಅದು ಅವನ ಕಣ್ಣಿಗೆ ಬಿತ್ತು.

ರಾಜ ತನ್ನ ಪಾಠದ ಪ್ರಕಾರ, "ನಮ್ಮ ರಾಜ್ಯದಲ್ಲಿ ಪ್ರಜೆಗಳೆಲ್ಲ ಸಂತೋಷವಾಗಿದ್ದಾರೆಯೇ?" ಎಂದು ಕೇಳಿದ.

ವಿದೂಷಕ ಹೇಳಿದ: "ಎಲ್ಲರೂ ಸಂತೋಷವಾಗಿದ್ದಾರೆ ಮಹಾಪ್ರಭೂ, ಮುಂದಿನ ಸಾಲಿನ ಒಬ್ಬರನ್ನು ಬಿಟ್ಟು. ಅವರು ನಗುವ ಹಾಗಿಲ್ಲ."

"ಏನು ಕಾರಣ?" ರಾಜನಿಗೂ ಗಾಬರಿ, ಇದು ಅವನ ಪಾಠದಲ್ಲಿರಲಿಲ್ಲ.

"ಪಾಸಿನಲ್ಲಿ ಬಂದಿದ್ದಾರೆ ಪ್ರಭೂ. ನಕ್ಕರೆ ತೆರಿಗೆ ಬೀಳುತ್ತೆ!"

ಡೇರೆಯೆಲ್ಲ ಹೋ ಎಂದಿತು. ನನ್ನ ಕಿವಿ ಕೆಂಪಾಯಿತು. ಆಗ ಪಕ್ಕದಲ್ಲಿ ಏನೋ ಸದ್ದು ಕೇಳಿತು. ತಿರುಗಿ ನೋಡಿದರೆ ನನ್ನ ಹೆಂಡತಿ! ಸೆರಗನ್ನು ಬಾಯಿಗೆ ತುರುಕಿಕೊಂಡರೂ ತಡೆಯಲಾರದೆ, ಕಣ್ಣಲ್ಲಿ ನೀರು ಸುರಿಸುತ್ತಾ ಗೊಳ್ಳೆಂದು ನಗುತ್ತಿದ್ದಾಳೆ. ಅಕ್ಕಪಕ್ಕದ ಹೆಂಗಸರು ಅವಳನ್ನು ನೋಡಿ ಇನ್ನಷ್ಟು ನಕ್ಕರು. ಒಬ್ಬಾಕೆ ಅವಳ ಬೆನ್ನು ತಟ್ಟಿ ನೀರು ಕೊಟ್ಟರು.

ವಿದೂಷಕ ಅಲ್ಲಿಗೂ ಬಿಡಲಿಲ್ಲ. "ಮಹಾಪ್ರಭೂ, ಮೋಸ! ಅಮ್ಮನವರು ಒಂದೇ ಟಿಕೆಟ್ ಕೊಂಡು ಇಬ್ಬರ ಪಾಲಿನ ನಗು ನಗುತ್ತಿದ್ದಾರೆ. ಇದು ಶುದ್ಧ ತೆರಿಗೆ ತಪ್ಪಿಸಿದ ಕೇಸು! ಇನ್ಸ್‌ಪೆಕ್ಟರನ್ನು ಕರೆಸಿ!"

ಮಾರನೆಯ ಬೆಳಿಗ್ಗೆ ಬಾವಿಯ ಹತ್ತಿರ ನನ್ನ ಹೆಂಡತಿಗೆ ನಾಲ್ಕು ಜನ ಗೆಳತಿಯರಿದ್ದರು. ಪೆಟ್ಟಿಗೆ ಅಟ್ಟಕ್ಕೆ ಹೋಯಿತು. ನಾನು ಡೇರೆಗೆ ಹೋಗಿ ಆ ವಿದೂಷಕನ ಕೈ ಹಿಡಿದು, "ನಿಮ್ಮಿಂದ ಬಹಳ ಉಪಕಾರವಾಯಿತು" ಎಂದೆ. ಮುಖದ ಬಣ್ಣ ತೆಗೆದ ಮೇಲೆ ಅವನು ಬಲು ಗಂಭೀರದ ಮನುಷ್ಯ. ನನ್ನನ್ನು ಅನುಮಾನದಿಂದ ನೋಡಿ, "ಉಪಕಾರಕ್ಕೂ ತೆರಿಗೆ ಉಂಟಾ ಸಾರ್?" ಎಂದ.

ಎರಡು ಸರ್ಕಾರದ ಅಂಗಡಿ

ಸೊರಬ ತಾಲ್ಲೂಕಿನ ಆನವಟ್ಟಿಯ ಆಚೆ, ನಾಡು ಒಂದಾಗುವ ಮೊದಲು ಮೈಸೂರಿಗೂ ಮುಂಬಯಿ ಪ್ರಾಂತ್ಯಕ್ಕೂ ಗಡಿಯಿತ್ತು. ಆ ಗಡಿಯ ಮೇಲೆಯೇ ಒಂದು ಬಟ್ಟೆ ಅಂಗಡಿ. ಅಂಗಡಿಯವರ ಅಜ್ಜ ಕಟ್ಟಿಸುವಾಗ ಗಡಿಗಿಡಿ ಏನೂ ನೋಡಿರಲಿಲ್ಲ. ಹೀಗಾಗಿ ಮುಂಬಾಗಿಲು ಮೈಸೂರಿನಲ್ಲಿ, ಹಿಂಬಾಗಿಲು ಮುಂಬಯಿಯಲ್ಲಿ.

ನಾನು ಮೊದಲ ಸಲ ಹೋದಾಗ ಅವರು ಚಾಪೆ ಹಾಸಿ ಕೂರಿಸಿ, ಹಳೆಯದನ್ನೆಲ್ಲ ತಾವಾಗಿಯೇ ಹೇಳಿಕೊಂಡರು. "ಮುಗಿದುಹೋದ ಕತೆ, ಈಗ ಹೇಳೋದಕ್ಕೆ ಎಂತ ಹೆದರಿಕೆ" ಎಂದು ಪೀಠಿಕೆ ಹಾಕಿದರು.

"ಮೈಸೂರು ಇನ್ಸ್‌ಪೆಕ್ಟ್ರು ಮುಂಬಾಗಿಲಿಗೆ ಬಂದ್ರೆ ಮಾಲೆಲ್ಲ ಹಿಂದಿನ ಕೋಣೆಗೆ ಹೊರ್ತಿದ್ದೆ ಮಾರಾಯ್ರೆ. 'ಅದು ಮುಂಬಯಿ ಮಾಲು, ಮುಟ್ಟಬ್ಯಾಡಿ' ಅಂತಿದ್ದೆ. ಮುಂಬಯಿಯವರು ಹಿಂಬಾಗಿಲಿಗೆ ಬಂದ್ರೆ ಎಲ್ಲಾ ಮುಂದಕ್ಕೆ. 'ಇದು ಮೈಸೂರು ಮಾಲು.' ಎರಡು ಸರ್ಕಾರಕ್ಕೂ ನಾನು ಬಡವ."

"ಇಬ್ಬರೂ ಒಂದೇ ದಿನ ಬಂದರೆ?" ಎಂದೆ.

"ಬಂದಿದ್ರು!" ಅವರು ತೊಡೆ ತಟ್ಟಿಕೊಂಡರು. "ಮಾಲು ನಡುವಿನ ಹೊಸ್ತಿಲ ಮೇಲೆ ಇಟ್ಕೊಂಡು ನಾನೂ ಅದರ ಮೇಲೆ ಕೂತೆ. ಇಬ್ರೂ ಗಡಿ ಎಲ್ಲಿ ಅಂತ ಜಗಳಕ್ಕೆ ಬಿದ್ರು. ನಾನು ಇಬ್ರಿಗೂ ಕಾಫಿ ಕೊಟ್ಟೆ. ಹೊತ್ತು ಮುಳುಗೋವರೆಗೂ ಜಗಳಾಡಿ, ದಣಿದು, ಅವರವರ ರಾಜ್ಯಕ್ಕೆ ಹೋದ್ರು."

"ಆಮೇಲೆ?"

"ಆಮೇಲೆ ಎಂತದು! ನಾಡು ಒಂದಾಯ್ತು. ಊರಲ್ಲಿ ತೋರಣ ಕಟ್ಟಿದ್ರು, ಭಾಷಣ ಮಾಡಿದ್ರು. ನಂಗೂ ಉಕ್ಕಿ ಬಂತು. ಕನ್ನಡದೋರೆಲ್ಲ ಒಂದೇ ಮನೆಯೋರು ಅಂತ ಕೂಗಿ ಕೂಗಿ ಊರಿಗೆಲ್ಲ ಜಿಲೇಬಿ ಹಂಚಿದೆ. ಹಂಚಿ ಬಂದು ಅಂಗಡಿಯಲ್ಲಿ ಕೂತ ಮೇಲೆ ಮುಂಬಾಗಿಲು ನೋಡ್ದೆ, ಹಿಂಬಾಗಿಲು ನೋಡ್ದೆ. ಆವಾಗ ಗೊತ್ತಾಯ್ತು ಸ್ವಾಮಿ, ನಾನು ಹಂಚಿದ್ದು ನನ್ನ ತಿಥಿಯ ಸಿಹಿ ಅಂತ!"

ನಾನು ನಕ್ಕು ನಕ್ಕು ಚಾಪೆಯ ಮೇಲೆ ಉರುಳಿದೆ. ಅವರೂ ನಕ್ಕರು. ಆಶ್ಚರ್ಯವೆಂದರೆ ಇಡೀ ತಾಲ್ಲೂಕಿನಲ್ಲಿ ಯಾರೂ ಕೇಳದೆಯೇ ತಾವಾಗಿ ತೆರಿಗೆ ಕಟ್ಟುತ್ತಿದ್ದವರು ಅವರೊಬ್ಬರೇ. ಯಾಕೆ ಎಂದು ಕೇಳಿದಾಗ ಸೊಂಟ ಹಿಡಿದುಕೊಂಡು ಹೇಳಿದರು: "ತೆರಿಗೆ ಹಗುರ ಸ್ವಾಮಿ. ಬಟ್ಟೆ ಗಂಟೇ ಭಾರ ಇತ್ತು."

ಇವತ್ತು ಯಾರೂ ಬರಬೇಡಿ

ವರ್ಷ ಕಳೆದ ಮೇಲೆ ನನ್ನ ವಾಸ್ತವ್ಯ ಸೊರಬಕ್ಕೆ ಬದಲಾಯಿತು. ಅಲ್ಲಿನ ಬಸ್ ನಿಲ್ದಾಣದ ಹತ್ತಿರ ಒಂದು ಹೋಟೆಲು. ಜಡೆ ಊರಿನ ಬಸ್ಸಿಗೋ ಚಂದ್ರಗುತ್ತಿಯ ಬಸ್ಸಿಗೋ ಕಾಯುವವರೆಲ್ಲ ಅಲ್ಲೇ. ಆದರೂ ಹೋಟೆಲಿನ ಭಟ್ಟರು, "ವ್ಯಾಪಾರವೇ ಇಲ್ಲ ಮಾರಾಯ್ರೆ, ನೊಣ ಹೊಡೀತಾ ಕೂತಿದ್ದೇನೆ" ಎನ್ನುತ್ತಿದ್ದರು. ಇಂಥ ಕಡೆ ನಾವು ಒಂದು ದಿನ ಪೂರ್ತಿ ದುಡ್ಡಿನ ಗಲ್ಲೆಯ ಪಕ್ಕ ಕೂತು, ಆ ದಿನದ ವ್ಯಾಪಾರ ನೋಡಿ, ವರ್ಷದ್ದನ್ನು ಅಂದಾಜು ಮಾಡುವ ಪದ್ಧತಿ. ಹಾಗೆ ಒಂದು ಬೆಳಿಗ್ಗೆ ಹೋಗಿ ಕುರ್ಚಿ ಎಳೆದುಕೊಂಡು ಕೂತೆ.

ಭಟ್ಟರು ಬುದ್ಧಿವಂತರು. ಸುದ್ದಿ ಮೊದಲೇ ಹತ್ತಿತ್ತೋ ಏನೋ, ಖಾಯಂ ಗಿರಾಕಿಗಳಿಗೆಲ್ಲ "ಇವತ್ತೊಂದು ದಿನ ಬರಬೇಡಿ" ಎಂದು ಹೇಳಿಕಳಿಸಿದ್ದರು. ಅದೇ ಎಡವಟ್ಟಾಯಿತು. ಭಟ್ಟರು ಬರಬೇಡಿ ಎನ್ನುತ್ತಾರೆಂದರೆ ಒಳಗೆ ಏನೋ ವಿಶೇಷ ಇರಬೇಕು ಎಂದು ಖಾಯಂನವರು ಬೇರೆಯವರನ್ನೂ ಕರೆದುಕೊಂಡು ಬಂದರು.

"ಎರಡು ದೋಸೆ."

"ದೋಸೆ ಇಲ್ಲ" ಎಂದರು ಭಟ್ಟರು.

"ಇಡ್ಲಿ?"

"ಉದ್ದು ಸಿಗಲಿಲ್ಲ."

"ಬರೀ ಕಾಫಿ ಆದ್ರೂ ಕೊಡಿ."

"ಹಾಲು ಒಡೆದಿದೆ."

ಬಂದವರು ಮೂಗೆತ್ತಿ ಆಘ್ರಾಣಿಸಿದರು. "ಒಳಗಿಂದ ತುಪ್ಪದ ದೋಸೆ ವಾಸನೆ ಘಮಘಮ ಬರ್ತಾ ಉಂಟಲ್ಲ ಭಟ್ರೇ!"

ಭಟ್ಟರು ನನ್ನ ಕಡೆ ಒಮ್ಮೆ ನೋಡಿ ಹೇಳಿದರು: "ಅದು ನಿನ್ನೇದು."

"ವಾಸನೆಯೂ ತಂಗಳು ಇಡ್ತೀರಾ?" ಎಂದು ಒಬ್ಬರು ಸೀದಾ ಅಡಿಗೆಮನೆಗೇ ನುಗ್ಗಿದರು. ಅಡಿಗೆಯವನಿಗೆ ಒಳಸಂಚು ಯಾರೂ ಹೇಳಿರಲಿಲ್ಲ. ಅವನು ತನ್ನ ಪಾಡಿಗೆ ದೋಸೆಯ ಮೇಲೆ ದೋಸೆ ಹಾಕುತ್ತಲೇ ಇದ್ದ. ಅಷ್ಟರಲ್ಲಿ ಹೊರಗೆ ಬಸ್ಸಿಗೆ ಕಾಯುತ್ತಿದ್ದವರಿಗೂ ಸುದ್ದಿ ಮುಟ್ಟಿತು: ಒಳಗೆ ಸುಂಕದವರು ಕೂತಿದ್ದಾರೆ, ಭಟ್ಟರು ಬೆವರುತ್ತಿದ್ದಾರೆ, ನೋಡುವ ಹಾಗಿದೆ! ಸುಮ್ಮನೆ ನಿಂತು ನೋಡಿದರೆ ಮರ್ಯಾದೆಯಲ್ಲವಲ್ಲ. ಒಳಗೆ ಬಂದವರೆಲ್ಲ ಏನಾದರೂ ತಿಂದರು. ಬಸ್ಸು ಬಂತು, ಕಂಡಕ್ಟರು ಕೂಗಿದ, ಯಾರೂ ಏಳಲಿಲ್ಲ. ಕೊನೆಗೆ ಕಂಡಕ್ಟರೂ ಬಂದು ಒಂದು ಪ್ಲೇಟು ಕೇಸರಿಬಾತು ತಿಂದ.

ಸಂಜೆಯ ಹೊತ್ತಿಗೆ ಅಡಿಗೆಮನೆಯಲ್ಲಿ ಉಪ್ಪಿನಕಾಯಿಯೂ ಉಳಿದಿರಲಿಲ್ಲ. ಭಟ್ಟರು ಗಲ್ಲೆಯ ಮುಂದೆ ತಲೆಯ ಮೇಲೆ ಕೈಹೊತ್ತು ಕೂತಿದ್ದರು. ನನಗೂ ಪಾಪ ಅನ್ನಿಸಿತು. "ಭಟ್ರೇ, ಚಿಂತೆ ಬೇಡ. ಇವತ್ತಿನದು ದಿನನಿತ್ಯದ ವ್ಯಾಪಾರ ಅಲ್ಲ ಅಂತ ನನಗೂ ಕಾಣ್ತದೆ. ಇದನ್ನು ಹಿಡಿದು ವರ್ಷದ ಲೆಕ್ಕ ಮಾಡೋದು ನ್ಯಾಯ ಅಲ್ಲ. ವರದಿಯಲ್ಲಿ ಹಾಗೇ ಬರೀತೀನಿ" ಎಂದೆ.

ಭಟ್ಟರ ಕಣ್ಣು ತುಂಬಿಬಂತು. ಕೈ ಮುಗಿದರು. ನಾನು ಎದ್ದು ಹೊರಟೆ. ಬಾಗಿಲವರೆಗೆ ಬಂದವರು, ಅತ್ತಿತ್ತ ನೋಡಿ, ಮೆಲ್ಲಗೆ ಕೇಳಿದರು:

"ಸಾರ್, ನಾಳೆಯೂ ಬಿಡುವಿದ್ರೆ ಬಂದು ಕೂತ್ಕೊಳ್ತೀರಾ? ಬರೆಯೋದು ಬೇಡ, ಸುಮ್ಮನೆ ಕೂತರೆ ಸಾಕು."

ತೆರಿಗೆ ನೋವು

ಸೊರಬದಲ್ಲಿದ್ದಾಗಲೇ ನನ್ನ ಹೆಂಡತಿ ಬಸುರಾದಳು. ಚೊಚ್ಚಲ. ಮುಂದಿನ ವಾರ ತವರಿಗೆ ಕಳಿಸುವುದೆಂದು ನಿಶ್ಚಯವಾಗಿತ್ತು. ಮಗುವಿಗೆ ಅಷ್ಟು ತಾಳ್ಮೆಯಿರಲಿಲ್ಲ. ಒಂದು ಬೆಳಿಗ್ಗೆ ನೋವು ಶುರುವಾಯಿತು. ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿದವರೇ ಹೊರಗೆ ಬಂದು, "ಮಗು ಅಡ್ಡ ಉಂಟು. ನನ್ನ ಕೈಲಾಗೋದಲ್ಲ. ಶಿಕಾರಿಪುರದ ಡಾಕ್ಟ್ರ ಹತ್ರ ಬೇಗ ಕರ್ಕೊಂಡು ಹೋಗಿ" ಎಂದರು. ಬೆಳಗಿನ ಬಸ್ಸು ಹೋಗಿಯಾಗಿತ್ತು. ಮುಂದಿನದು ಮಧ್ಯಾಹ್ನಕ್ಕೆ. ನಾನು ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಬಂದೆ.

ಬೀದಿಯ ಕೊನೆಗೆ ಒಂದು ಅಕ್ಕಿ ಗಿರಣಿ. ಅದರ ಮುಂದೆ ಅಕ್ಕಿ ಚೀಲ ಹೇರಿದ ಲಾರಿ ಹೊರಡಲು ಸಿದ್ಧವಾಗಿ ನಿಂತಿತ್ತು. ಆದರೆ ಗಿರಣಿ ಸಾಹುಕಾರರಿಗೆ ನಾನು ಅದೇ ವಾರ ತೆರಿಗೆ ಕಡಿಮೆ ಕಟ್ಟಿದ್ದೀರಿ ಎಂದು ನೋಟೀಸು ಜಾರಿ ಮಾಡಿಸಿದ್ದೆ. ಅವರು ಆಫೀಸಿಗೇ ಬಂದು, "ನನ್ನ ಗಿರಣಿ ಕಡೆ ಇನ್ನು ತಲೆ ಹಾಕಬ್ಯಾಡಿ" ಎಂದು ಕೂಗಿ ಹೋಗಿದ್ದರು. ಬೇರೆ ದಾರಿಯಿರಲಿಲ್ಲ. ಓಡಿದೆ.

"ಸಾಹುಕಾರ್ರೇ, ನನ್ನ ಹೆಂಡತಿ..." ಎಂದೆ. ಮನೆಯ ಕಡೆ ಕೈ ತೋರಿಸಿದೆ.

ಅವರು ನನ್ನ ಮುಖವನ್ನೊಮ್ಮೆ ನೋಡಿದರು. ನೋಟೀಸಿನ ಮಾತೆತ್ತಲಿಲ್ಲ. ಡ್ರೈವರಿಗೆ "ಗಾಡಿ ತಿರುಗಿಸು" ಎಂದರು. ಒಳಗೆ ತಿರುಗಿ ಹೆಂಡತಿಯನ್ನು ಕೂಗಿದರು. ಆಕೆ ಒಲೆಯ ಮೇಲಿದ್ದ ಅನ್ನವನ್ನು ಹಾಗೇ ಬಿಟ್ಟು, ಹಳೆಯ ಸೀರೆ ಎರಡು ಬಗಲಿಗೆ ಇರುಕಿಕೊಂಡು ಬಂದರು. ಚೀಲ ಇಳಿಸುವಷ್ಟು ಪುರಸೊತ್ತಿರಲಿಲ್ಲ. ಮುಂದೆ ಡ್ರೈವರಿನ ಪಕ್ಕ ಆಕೆ ನನ್ನ ಹೆಂಡತಿಯನ್ನು ಮಡಿಲಲ್ಲಿ ಒರಗಿಸಿಕೊಂಡು ಕೂತರು. ಹಿಂದೆ ಅಕ್ಕಿ ಚೀಲದ ಮೇಲೆ ನಾನೂ ಸಾಹುಕಾರರೂ.

ದಾರಿಯುದ್ದಕ್ಕೂ ಗುಂಡಿ. ನಾನು "ಬೇಗ ಹೊಡಿ!" ಎಂದು ಕೂಗುತ್ತಿದ್ದೆ. ಸಾಹುಕಾರರು "ನಿಧಾನ ಹೊಡಿ!" ಎಂದು ಕೂಗುತ್ತಿದ್ದರು. ಡ್ರೈವರು ಲಾರಿ ನಿಲ್ಲಿಸಿ, ತಲೆ ಹೊರಗೆ ಹಾಕಿ, "ಇಬ್ಬರಲ್ಲಿ ಒಬ್ಬರು ಕೂಗಿ" ಎಂದ. ಆಮೇಲೆ ಸಾಹುಕಾರರೇ ಕೂಗಿದರು. ನಾನು ಅವರ ಕೈ ಹಿಡಿದುಕೊಂಡು ಕೂತೆ. ಕೈ ಬಿಡಿಸಿಕೊಳ್ಳಲಿಲ್ಲ ಅವರು.

ಶಿಕಾರಿಪುರದ ಅಂಚಿಗೆ ಪುರಸಭೆಯ ಸುಂಕದ ಗೇಟು. ಹೊರಗಿನಿಂದ ಊರೊಳಗೆ ಯಾವ ಸರಕು ಬಂದರೂ ಅಲ್ಲಿ ಸುಂಕ ಕಟ್ಟಬೇಕು. ಅಡ್ಡಕ್ಕೆ ಬಿದಿರು ಬಿದ್ದಿತ್ತು. ದಪ್ಪ ಕನ್ನಡಕದ ವಯಸ್ಸಾದ ಗುಮಾಸ್ತರೊಬ್ಬರು ಎದ್ದು ಬಂದು, "ಮಾಲು ಏನ್ರಿ?" ಎಂದರು.

ನಾನು ಚೀಲದ ಮೇಲಿಂದ ಎದ್ದು ನಿಂತು, ಎರಡು ಕೈಯನ್ನೂ ಮೇಲೆತ್ತಿ, ಜೀವ ಬಾಯಿಗೆ ಬಂದವನ ಹಾಗೆ ಕೂಗಿದೆ. ಹೆರಿಗೆ ಎಂದೇ ಕೂಗಬೇಕೆಂದಿದ್ದೆ. ಆದರೆ ಬೆಳಗಿನಿಂದ ಸಂಜೆಯವರೆಗೆ ಒಂದೇ ಮಾತು ಆಡಿ ಪಳಗಿದ ನಾಲಿಗೆ, ಹೊರಟದ್ದು ಅದೇ:

"ತೆರಿಗೆ! ತೆರಿಗೆ ಕಣ್ರೀ! ಗೇಟು ಎತ್ತಿ!"

ಗುಮಾಸ್ತರ ಮುಖ ಅರಳಿತು. ಅವರ ಜನ್ಮದಲ್ಲಿ ಯಾರೂ ಹೀಗೆ ತಾವಾಗಿ ಕೂಗಿಕೊಂಡು ಬಂದಿರಲಿಲ್ಲ. "ಅದಕ್ಕ ಅಲ್ಲೇನ್ರಿ ನಾ ಇಲ್ಲಿ ಕುಂತಿರೋದು. ಇರ್ರಿ, ರಸೀದಿ ಹರೀತೀನಿ."

"ಅಯ್ಯೋ, ಹಾಗಲ್ಲರೀ! ತೆರಿಗೆ ನೋವು ಶುರುವಾಗಿದೆ! ತಡೆಯೋಕಾಗ್ತಿಲ್ಲ!"

ಗುಮಾಸ್ತರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿಕೊಳ್ಳುತ್ತಾ, ಬಲು ಮರುಕದಿಂದ ಹೇಳಿದರು: "ತೆರಿಗಿ ನೋವು ಯಾರಿಗಿಲ್ಲ ಹೇಳ್ರಿ? ಎಲ್ಲಾರಿಗೂ ಐತಿ. ಕಟ್ಟಿದ ಮ್ಯಾಲೆ ಕಡಿಮಿ ಆಗ್ತೈತಿ. ಎಷ್ಟು ಚೀಲ?"

ಆಗ ಮುಂದಿನ ಕಿಟಕಿಯಿಂದ ಸಾಹುಕಾರರ ಹೆಂಡತಿಯ ತಲೆ ಹೊರಬಂತು. ಆ ದನಿ ಕೇಳಿ ಗೇಟಿನ ಪಕ್ಕದ ಎತ್ತುಗಳೂ ಎದ್ದು ನಿಂತವು. "ತೆರಿಗೆ ಅಲ್ಲಾ, ಹೆರಿಗೆ! ಹೆ-ರಿ-ಗೆ! ಆ ಮನುಷ್ಯಂಗೆ ತಲೆ ಕೆಟ್ಟಿದೆ, ನಿಮಗೂ ಕೆಟ್ಟಿದೆಯಾ? ಬಿದಿರು ಎತ್ತಿ! ಇಲ್ಲಾಂದ್ರೆ ನಿಮ್ಮ ಮೇಜಿನ ಮೇಲೇ ಆಗ್ತದೆ!"

ಗುಮಾಸ್ತರು ರಸೀದಿ ಪುಸ್ತಕವನ್ನು ಎಸೆದರು. ಬಿದಿರನ್ನು ಎತ್ತಿದ್ದಷ್ಟೇ ಅಲ್ಲ, ಅಂದು ಸಂತೆಯ ದಿನ, ರಸ್ತೆ ತುಂಬಾ ಗಾಡಿಗಳು, ಆ ವಯಸ್ಸಾದವರು ಪಂಚೆ ಮೇಲಕ್ಕೆ ಕಟ್ಟಿ, ಕೆಂಪು ಬಾವುಟ ಬೀಸುತ್ತಾ, "ದಾರಿ ಬಿಡ್ರೋ! ಹೆರಿಗಿ ಗಾಡಿ!" ಎಂದು ಲಾರಿಯ ಮುಂದೆ ಆಸ್ಪತ್ರೆಯವರೆಗೂ ಓಡಿದರು.

ಒಳಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚಿತು. ಆಸ್ಪತ್ರೆಯ ಜಗಲಿಯ ಮೇಲೆ ನಾವು ಮೂವರೂ ಕೂತೆವು: ತೆರಿಗೆಯವನು, ತೆರಿಗೆ ಕಟ್ಟಬೇಕಾದವರು, ಸುಂಕದ ಗೇಟಿನವರು. ಬಹಳ ಹೊತ್ತಾದ ಮೇಲೆ ಒಳಗಿನಿಂದ ಸಣ್ಣ ಅಳು ಕೇಳಿತು. ಸಾಹುಕಾರರ ಹೆಂಡತಿ ಹೊರಬಂದು, "ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ" ಎಂದರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರಂತೆ. ಆ ಮಾತು ಕೇಳಿದ ಮೇಲೆ ನಾನು ಅಳುವುದನ್ನು ನಿಲ್ಲಿಸಲಾರದೆ ಹೋದೆ. ಸಾಹುಕಾರರು ತಮ್ಮ ಹೆಗಲ ಮೇಲಿನ ವಲ್ಲಿಯನ್ನು ನನ್ನ ಕೈಗೆ ಕೊಟ್ಟರು.

ಕಣ್ಣೊರೆಸಿಕೊಂಡು, "ಸಾಹುಕಾರ್ರೇ, ನಿಮ್ಮ ಆ ನೋಟೀಸು..." ಎಂದು ತೊಡಗಿದೆ.

ಅವರು ಕೈ ಅಡ್ಡ ಹಿಡಿದರು. "ಅದರ ಮಾತು ಇಲ್ಲಿ ಬೇಡ. ನೋಟೀಸು ಅದರ ಪಾಡಿಗೆ, ಮಗು ಅದರ ಪಾಡಿಗೆ. ಇವತ್ತಿನ ದಿನ ಹಿಡ್ಕೊಂಡು ನೀವು ಅದನ್ನ ಬಿಟ್ಟುಕೊಟ್ರೆ, ನಾನು ಬಾಣಂತಿ ಹತ್ರ ಲಾರಿ ಬಾಡಿಗೆ ವಸೂಲು ಮಾಡಿದಂಗೆ ಆಗ್ತದೆ. ವಿಚಾರಣೆಗೆ ಬರ್ತೇನೆ. ಜಗಳ ಆಡೇ ಆಡ್ತೇನೆ."

ಬಂದರು, ಆಡಿದರು. ಅವರು ಹೇಳಿದ್ದರಲ್ಲಿ ಅರ್ಧ ಸರಿ ಎಂದು ಮೇಲಿನವರು ಒಪ್ಪಿದರು; ಉಳಿದರ್ಧವನ್ನು ಅವರು ಕಟ್ಟಿದರು. ಕಟ್ಟಿದ ದಿನ ಸಂಜೆಯೇ ಅವರ ಮನೆಯಿಂದ ಬಾಣಂತಿಗೆಂದು ತುಪ್ಪ ಬಂತು.

ಆಸ್ಪತ್ರೆಯಿಂದ ಬಿಟ್ಟ ದಿನ ಅದೇ ಲಾರಿಯಲ್ಲಿ ಸೊರಬಕ್ಕೆ ಹೊರಟೆವು. ಗೇಟಿನಲ್ಲಿ ಬಿದಿರು ಮತ್ತೆ ಬಿದ್ದಿತ್ತು. ಗುಮಾಸ್ತರು ಗಂಭೀರವಾಗಿ ಬಂದು, ಮೆಟ್ಟಿಲು ಹತ್ತಿ, ಒಳಗೆ ಇಣುಕಿದರು. ನನ್ನ ಹೆಂಡತಿಯ ಮಡಿಲಲ್ಲಿದ್ದ ಗಂಟನ್ನು ಬೆರಳಿಂದ ಸರಿಸಿ ನೋಡಿದರು.

"ಒಳಗ ಬರೋವಾಗ ಇದನ್ನ ತೋರಿಸಿರಲಿಲ್ಲ."

ನನ್ನ ಹೆಂಡತಿಗೆ ನಗು ತಡೆಯಲಾಗಲಿಲ್ಲ. "ಸುಂಕ ಎಷ್ಟಾಗುತ್ತೆ ಹೇಳಿ" ಎಂದಳು.

ಅವರು ಕನ್ನಡಕ ಸರಿಮಾಡಿಕೊಂಡು ತೀರ್ಪು ಕೊಟ್ಟರು: "ಕಾಯ್ದೆ ಪ್ರಕಾರ ಹೊರಗಿಂದ ಬಂದ ಮಾಲಿಗೆ ಮಾತ್ರ ಸುಂಕ ತಾಯಿ. ಇದು ನಮ್ಮ ಊರಾಗೇ ತಯಾರಾದ ಮಾಲು. ಸುಂಕ ಇಲ್ಲ. ಹೋಗಿ ಬರ್ರಿ."

ಹಾಗೆಂದು ಸೊಂಟದ ಚೀಲ ಬಿಚ್ಚಿ, ಒಂದು ಬೆಳ್ಳಿ ರೂಪಾಯಿ ತೆಗೆದು ಕೂಸಿನ ಕೈಗಿಟ್ಟರು. ಅವಳು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಷ್ಟು ವರ್ಷ ಅಷ್ಟು ಸಾವಿರ ಗಾಡಿ ಹಾಯ್ದುಹೋದ ಆ ಗೇಟಿನಲ್ಲಿ, ಸುಂಕದವರ ಕೈಯಿಂದಲೇ ವಸೂಲು ಮಾಡಿಕೊಂಡು ಹೊರಟವಳು ನನ್ನ ಮಗಳೊಬ್ಬಳೇ.